ಮಾರಾಟಕ್ಕಿಲ್ಲದ ಬ್ರೋಚು

1909ರ ಕ್ರಿಸ್‌ಮಸ್ ಹೊತ್ತಿಗೆ ಲಂಡನ್ನಿನ ಹೆಸರಾಂತ ಆಭರಣದಂಗಡಿ ಮ್ಯಾಪಿನ್ ಅಂಡ್ ವೆಬ್ ಒಂದು ವಿಶೇಷ ಕ್ಯಾಟಲಾಗ್ ಹೊರತಂದಿತು. ಅದರಲ್ಲಿದ್ದದ್ದು ಸಫ್ರಜೆಟ್ ಒಡವೆಗಳು. ಮತದಾನದ ಹಕ್ಕಿಗಾಗಿ ಬೀದಿಗಿಳಿದ ಹೆಂಗಸರಿಗೂ ಅವರನ್ನು ಮೆಚ್ಚುವವರಿಗೂ ಹಬ್ಬದ ಉಡುಗೊರೆ. ಅದೇ ಚಳಿಗಾಲದಲ್ಲಿ ಇಂಗ್ಲೆಂಡಿನ ಜೈಲುಗಳಲ್ಲಿ ಉಪವಾಸ ಕೂತ ಅಂಥ ಹೆಂಗಸರ ಗಂಟಲಿಗೆ ನಳಿಕೆ ತೂರಿಸಿ ಬಲವಂತವಾಗಿ ಆಹಾರ ಇಳಿಸುತ್ತಿದ್ದರು.

ಹೆಣ್ಣುಮಕ್ಕಳಿಗೆ ಧೈರ್ಯ ಹೇಳುವ ಟೀ ಶರ್ಟು, ಮಗ್ಗು, ಕಿವಿಯೋಲೆಗಳು ಈಗ ಆನ್‌ಲೈನ್ ಅಂಗಡಿಗಳಲ್ಲಿ ರಾಶಿ ಬಿದ್ದಿವೆ. ಇದು ಈ ಕಾಲದ ವ್ಯಾಪಾರ ಎಂದು ನಮಗೆ ಅನ್ನಿಸುತ್ತದೆ. ಅಲ್ಲ. ಈ ವ್ಯಾಪಾರಕ್ಕೆ ನೂರು ವರ್ಷ ದಾಟಿದೆ, ಅದರ ಗೋಜಲುಗಳಿಗೂ ಅಷ್ಟೇ ವಯಸ್ಸು.

ಎಮ್ಮಲಿನ್ ಪ್ಯಾಂಕ್‌ಹರ್ಸ್ಟ್ 1903ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕಟ್ಟಿದ ವಿಮೆನ್ಸ್ ಸೋಷಿಯಲ್ ಅಂಡ್ ಪೊಲಿಟಿಕಲ್ ಯೂನಿಯನ್‌ಗೆ 1908ರಲ್ಲಿ ಮೂರು ಬಣ್ಣ ಆರಿಸಿಕೊಟ್ಟವರು ಎಮ್ಮಲಿನ್ ಪೆಥಿಕ್ ಲಾರೆನ್ಸ್. ನೇರಳೆ ಘನತೆಗೆ, ಬಿಳಿ ಪರಿಶುದ್ಧತೆಗೆ, ಹಸಿರು ಭರವಸೆಗೆ. ಆ ವರ್ಷ ಜೂನ್ 21ರಂದು ಹೈಡ್ ಪಾರ್ಕಿನಲ್ಲಿ ನಡೆದ ಬೃಹತ್ ಸಭೆಯಲ್ಲಿ ಈ ಬಣ್ಣಗಳು ಎಲ್ಲೆಲ್ಲೂ ಕಂಡವು. ಅಂಗಡಿಯವರು ಸುಮ್ಮನಿರುತ್ತಾರೆಯೆ? ರಿಬ್ಬನ್ನು, ಟೋಪಿ, ಬೆಲ್ಟು, ಕೊನೆಗೆ ಸೈಕಲ್ ಕೂಡ ತ್ರಿವರ್ಣದಲ್ಲಿ ಬಂತು. ಸಂಘಟನೆಯೂ ಹಿಂದೆ ಬೀಳಲಿಲ್ಲ. ಬ್ಯಾಡ್ಜು, ಟೀ ಪುಡಿ, ಗೊಂಬೆ ಮಾರಿ ಹೋರಾಟಕ್ಕೆ ಹಣ ಕೂಡಿಸಿತು. ಆ ಕಾಲದ ನೇರಳೆ, ಹಸಿರು ಹರಳಿನ ಒಡವೆ ಸಿಕ್ಕರೆ ಸಾಕು, ಹರಾಜಿನವರು ಇಂದಿಗೂ ಅದಕ್ಕೆ ಸಫ್ರಜೆಟ್ ಎಂಬ ಹೆಸರು ಅಂಟಿಸುತ್ತಾರೆ. ಎಷ್ಟೋ ಸಲ ಅದು ಬರೀ ಅಂದಿನ ಫ್ಯಾಷನ್ ಆಗಿರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1909ರ ‘ಪ್ಯಾಂಕ್-ಎ-ಸ್ಕ್ವಿತ್’ ಎಂಬ ಆಟದ ಹಲಗೆ. ಪ್ಯಾಂಕ್‌ಹರ್ಸ್ಟ್ ಹೆಸರಿಗೆ ಪ್ರಧಾನಿ ಆಸ್ಕ್ವಿತ್ ಹೆಸರನ್ನು ಬೆಸೆದ ಚೇಷ್ಟೆ ಅದು. ನಮ್ಮ ಹಾವು ಏಣಿಯಂತೆ ದಾಳ ಹಾಕಿ, ಸುರುಳಿ ದಾರಿಯಲ್ಲಿ ಕಾಯಿ ನಡೆಸಬೇಕು. ಹೊರಡುವುದು ಮನೆಯಿಂದ, ತಲುಪಬೇಕಾದದ್ದು ಪಾರ್ಲಿಮೆಂಟು. ನಡುವೆ ಪೊಲೀಸರು, ಕೋರ್ಟು, ಜೈಲು. ಒಂದು ಮನೆಗೆ ಬಂದು ನಿಂತರೆ ಹೋರಾಟದ ನಿಧಿಗೆ ಒಂದು ಪೆನ್ನಿ ಕೊಡಬೇಕು. ಹುಡುಗಿಯನ್ನು ಹೊಗಳಿ ಕೂರಿಸುವ ಆಟವಲ್ಲ ಇದು. ದಾರಿಯಲ್ಲಿ ಯಾರು ಅಡ್ಡ ನಿಲ್ಲುತ್ತಾರೆಂದು ಅವಳಿಗೆ ಮೊದಲೇ ತೋರಿಸುತ್ತದೆ.

ಇಷ್ಟೆಲ್ಲದರ ನಡುವೆ, ದುಡ್ಡಿಗೆ ಸಿಗದ ಒಂದು ಒಡವೆಯಿತ್ತು. ಎಮ್ಮಲಿನ್ ಅವರ ಮಗಳು, ಚಿತ್ರಕಲೆ ಕಲಿತಿದ್ದ ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ವಿನ್ಯಾಸ ಮಾಡಿದ ಹಾಲೋವೇ ಬ್ರೋಚು. ಬೆಳ್ಳಿಯಲ್ಲಿ ಪಾರ್ಲಿಮೆಂಟಿನ ಲಾಂಛನವಾದ ಕಂಬಿಗೇಟು, ಇಕ್ಕೆಲದಲ್ಲಿ ಸರಪಳಿ, ಮೇಲೆ ತ್ರಿವರ್ಣದ ಬಾಣದ ಗುರುತು. ಆ ಬಾಣ ಕೈದಿಗಳ ಬಟ್ಟೆಯ ಮೇಲೆ ಒತ್ತುತ್ತಿದ್ದ ಸರ್ಕಾರಿ ಮುದ್ರೆ. 1909ರ ಏಪ್ರಿಲ್‌ನಿಂದ, ಜೈಲು ಕಂಡುಬಂದವರಿಗೆ ಇದನ್ನು ತೊಡಿಸತೊಡಗಿದರು. ಅವಮಾನಕ್ಕೆಂದು ಒತ್ತಿದ ಮುದ್ರೆಯನ್ನೇ ಸೆರಗಿಗೆ ಸಿಕ್ಕಿಸಿಕೊಂಡು ಮೆರೆದಂತೆ. ಆ ಜುಲೈನಲ್ಲಿ ಮೇರಿಯನ್ ವಾಲೆಸ್ ಡನ್‌ಲಪ್ ಜೈಲಿನಲ್ಲಿ ಉಪವಾಸ ಕೂತ ಮೇಲೆ, ಉಪವಾಸ ಮಾಡಿದವರಿಗೆಂದೇ ಬೆಳ್ಳಿ ಪದಕವೂ ಬಂತು.

ಅಂಗಡಿಗಳ ಜೊತೆಗಿನ ಈ ಸ್ನೇಹ 1912ರ ಮಾರ್ಚ್‌ನಲ್ಲಿ ಚೂರಾಯಿತು. ಅಕ್ಷರಶಃ. ಹೆಂಗಸರು ಸುತ್ತಿಗೆ ಬಚ್ಚಿಟ್ಟುಕೊಂಡು ಹೋಗಿ ಲಂಡನ್ನಿನ ದೊಡ್ಡ ಬೀದಿಗಳ ಗಾಜು ಒಡೆದರು. ಅವರದೇ ಪತ್ರಿಕೆಗೆ ಜಾಹೀರಾತು ಕೊಡುತ್ತಿದ್ದ ಅಂಗಡಿಗಳನ್ನೂ ಬಿಡಲಿಲ್ಲ. ಕೊಳ್ಳುವವರ ಹಂಗಿಗೆ ತಾವು ಬಿದ್ದಿಲ್ಲವೆಂದು ಅವರು ತೋರಿಸಿದ್ದು ಹೀಗೆ. ಅದು ಸರಿಯೋ ತಪ್ಪೋ ಎಂಬ ಜಗಳ ಅವರೊಳಗೇ ಇತ್ತು.

ಈಗಿನ ಸರಕಿನಲ್ಲಿ ಆ ಹಂಗು ಬೇರೆ ಕಡೆ ಅಡಗಿದೆ. 2019ರಲ್ಲಿ ಬ್ರಿಟನ್ನಿನಲ್ಲಿ, ಮಹಿಳೆಯರ ಸಮಾನತೆಯ ಕೆಲಸಕ್ಕೆ ಹಣ ಸಂಗ್ರಹಿಸಲೆಂದು ಸ್ಪೈಸ್ ಗರ್ಲ್ಸ್ ಹೆಸರಿನ ಟೀ ಶರ್ಟೊಂದನ್ನು 19.40 ಪೌಂಡಿಗೆ ಮಾರಿದರು. ಅದನ್ನು ಹೊಲಿದ ಬಾಂಗ್ಲಾದೇಶದ ಹೆಂಗಸರಿಗೆ ಗಂಟೆಗೆ 35 ಪೆನ್ಸ್ ಸಿಗುತ್ತಿತ್ತೆಂದು ಗಾರ್ಡಿಯನ್ ಪತ್ರಿಕೆ ಬಯಲು ಮಾಡಿತು. ಮಗಳಿಗೆ ಅಂಥದ್ದನ್ನು ಕೊಳ್ಳುವಾಗ ಎದೆಯ ಮೇಲಿನ ಅಕ್ಷರದ ಜೊತೆ ಕೊರಳ ಹಿಂದಿನ ಲೇಬಲ್ಲನ್ನೂ ಓದಬೇಕು.

ಹಾಲೋವೇಗೂ ನಮಗೂ ಒಂದು ನಂಟಿದೆ. 1910ರಲ್ಲಿ ಕಲ್ಲೆಸೆದು ಅಲ್ಲಿ ಒಂದು ತಿಂಗಳು ಸೆರೆಯಲ್ಲಿದ್ದ ಐರಿಶ್ ಮಹಿಳೆ ಮಾರ್ಗರೆಟ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದರು. ಎರಡು ವರ್ಷದಲ್ಲಿ ಚೆನ್ನೈನ ಅಡ್ಯಾರಿನಲ್ಲಿ ಆ್ಯನಿ ಬೆಸೆಂಟ್ ಮೊದಲಾದವರೊಡನೆ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಕಟ್ಟಿದರು. 1926ರಲ್ಲಿ ಮದರಾಸು ಶಾಸನಸಭೆಯ ಚುನಾವಣೆಗೆ ನಿಲ್ಲುವಂತೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಒಪ್ಪಿಸಿದವರೂ ಅವರೇ. ಕಮಲಾದೇವಿ ಕೂದಲೆಳೆಯಲ್ಲಿ ಸೋತರು.

ನಾಲ್ಕು ವರ್ಷದ ನಂತರ, ಉಪ್ಪಿನ ಸತ್ಯಾಗ್ರಹದಲ್ಲಿ ಅವರ ಕೈಯಲ್ಲೂ ಮಾರುವ ಸರಕೊಂದಿತ್ತು. ಕಾನೂನು ಮುರಿದು ತಯಾರಿಸಿದ ಉಪ್ಪಿನ ಪೊಟ್ಟಣಗಳು. ಅವನ್ನು ಹಿಡಿದು ಕಮಲಾದೇವಿ ಮುಂಬಯಿಯ ಷೇರುಪೇಟೆಯೊಳಗೇ ನುಗ್ಗಿ ಮಾರಿದರು, ಜೈಲಿಗೂ ಹೋದರು.