ಯುಗಾದಿ ರಾತ್ರಿ ಗುಜರಾತಿನ ಆಕಾಶದಲ್ಲಿ ಕಂಡ ಬೆಳಕು

ಆಕಾಶದಲ್ಲಿ ಅರ್ಥವಾಗದ ಬೆಳಕು ಕಂಡರೆ ಅದನ್ನ ಯಾರು ತನಿಖೆ ಮಾಡ್ತಾರೆ? ಬೋಡಕ್‌ದೇವ್‌ನ ನಮ್ಮ ಕನ್ನಡಿಗರ ನಡುವೆ ಈ ಪ್ರಶ್ನೆ ಬಂದಾಗಲೆಲ್ಲ ನಾನು ಹೇಳೋದು 2022ರ ಏಪ್ರಿಲ್ 2ರ ಕಥೆ.

ಅವತ್ತು ಯುಗಾದಿ. ರಾತ್ರಿ 8ರ ಆಸುಪಾಸಿನಲ್ಲಿ ಗುಜರಾತ್, ಮಧ್ಯಪ್ರದೇಶ, ಮಹಾರಾಷ್ಟ್ರದ ಜನ ಉರಿಯುತ್ತಾ ಸಾಲಾಗಿ ಸಾಗಿದ ಬೆಳಕನ್ನು ನೋಡಿ ಮೊಬೈಲ್‌ನಲ್ಲಿ ಹಿಡಿದರು. ಉಲ್ಕೆ ಅಂದರು ಕೆಲವರು. ಅದೇ ದಿನ ನ್ಯೂಜಿಲೆಂಡ್‌ನಿಂದ ಹಾರಿದ್ದ ಎಲೆಕ್ಟ್ರಾನ್ ರಾಕೆಟ್‌ನದ್ದಿರಬಹುದು ಅನ್ನೋ ಮಾತೂ ಬಂತು. ಖಗೋಳ ವಿಜ್ಞಾನಿ ಜೊನಾಥನ್ ಮೆಕ್‌ಡೊವೆಲ್ ಬೇರೆಯದನ್ನೇ ತೋರಿಸಿದರು: 2021ರ ಫೆಬ್ರವರಿಯಲ್ಲಿ ಚೀನಾ ಹಾರಿಸಿದ್ದ ಲಾಂಗ್ ಮಾರ್ಚ್ 3ಬಿ ರಾಕೆಟ್‌ನ ಒಂದು ಹಂತ ಅದೇ ಹೊತ್ತಿಗೆ ಭೂಮಿಗೆ ಮರಳಬೇಕಿತ್ತು.

ವ್ಯತ್ಯಾಸ ಗುರುತಿಸೋದು ಹೇಗೆ? ಉಲ್ಕೆಯ ವೇಗ ಸೆಕೆಂಡಿಗೆ ಕನಿಷ್ಠ 11 ಕಿ.ಮೀ., ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ಮಾಯ. ಕಕ್ಷೆಯಿಂದ ಜಾರಿದ ರಾಕೆಟ್ ಸುಮಾರು 8 ಕಿ.ಮೀ. ವೇಗದಲ್ಲಿ, ಬಹುತೇಕ ಅಡ್ಡಡ್ಡವಾಗಿ ಬರುತ್ತೆ. ಚೂರುಗಳು ಜೊತೆಜೊತೆಗೇ ಉರಿಯುತ್ತಾ ನಿಧಾನಕ್ಕೆ ಸಾಗುತ್ತವೆ.

ಅವತ್ತೇ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನಲ್ಲಿ ದೊಡ್ಡ ಲೋಹದ ಬಳೆ ಸಿಕ್ಕಿತು. ಪೊಲೀಸರು ಅದನ್ನು ವಶಕ್ಕೆ ಪಡೆದರು, ಆಮೇಲೆ ಇಸ್ರೋ ವಿಜ್ಞಾನಿಗಳು ಬಂದು ಪರಿಶೀಲಿಸಿದರು. ಮುಂದಿನ ತಿಂಗಳು, ಮೇ 12ರಂದು, ಅಹಮದಾಬಾದ್‌ ಪಕ್ಕದ ಆಣಂದ್ ಜಿಲ್ಲೆಯ ಭಾಲೇಜ್, ಖಂಭೋಳಜ್, ರಾಮಪುರ ಹಳ್ಳಿಗಳಲ್ಲಿ ಲೋಹದ ಗುಂಡುಗಳು ಬಿದ್ದವು. ಇವೂ ಮತ್ತೊಂದು ಲಾಂಗ್ ಮಾರ್ಚ್‌ನವು ಅನ್ನೋ ಅನುಮಾನ. ಈ ಸಲ ಪರೀಕ್ಷೆ ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಗೆ ಬಂತು. ವಿಕ್ರಮ್ ಸಾರಾಭಾಯ್ ಕೈಕೆಳಗೆ ನಮ್ಮ ಉಡುಪಿ ಕಡೆಯ ಯು. ಆರ್. ರಾವ್ ಸಂಶೋಧನೆ ಮಾಡಿದ ಸಂಸ್ಥೆ ಇದೇ.

ಗಮನಿಸಿ: ಎರಡೂ ಕಡೆ ಸರ್ಕಾರ ಕದಲಿದ್ದು ನೆಲಕ್ಕೆ ಬಿದ್ದ ವಸ್ತುವಿನಿಂದ, ಬೆಳಕಿನಿಂದಲ್ಲ. ಆದರೆ ಆ ವಸ್ತು ಯಾರದ್ದು ಅಂತ ಹೇಳೋಕೆ ಬೆಳಕು ಕಂಡ ಸಮಯ, ದಿಕ್ಕು ಎರಡೂ ಬೇಕು.

ಯಾರದ್ದಾದರೇನು ಅಂತೀರಾ? ಮನೆ ಮೇಲೆ ಬಿದ್ದಿದ್ರೆ ಗೊತ್ತಾಗ್ತಿತ್ತು! 1972ರ ಅಂತರರಾಷ್ಟ್ರೀಯ ಹೊಣೆಗಾರಿಕೆ ಒಪ್ಪಂದದ ಪ್ರಕಾರ, ನೆಲದ ಮೇಲಾದ ನಷ್ಟಕ್ಕೆ ಉಡಾವಣೆ ಮಾಡಿದ ದೇಶವೇ ಹೊಣೆ. ಆದರೆ ಅದರಡಿ ಪರಿಹಾರ ಕೇಳೋದು ಸರ್ಕಾರ, ನೀವು-ನಾವಲ್ಲ. ನಷ್ಟವಾದ ದಿನದಿಂದ ಇಲ್ಲವೇ ಆ ದೇಶ ಯಾವುದೆಂದು ಗೊತ್ತಾದ ದಿನದಿಂದ ಒಂದು ವರ್ಷದೊಳಗೆ ಕೇಳಬೇಕು. 1978ರಲ್ಲಿ ಕೆನಡಾದಲ್ಲಿ ಸೋವಿಯತ್ ಉಪಗ್ರಹ ಕಾಸ್ಮೋಸ್ 954 ಬಿದ್ದಾಗ ಆ ದೇಶ ಸುಮಾರು 60 ಲಕ್ಷ ಕೆನಡಿಯನ್ ಡಾಲರ್ ಕೇಳಿ, ಕೊನೆಗೆ 30 ಲಕ್ಷ ಪಡೆಯಿತು.

ಹಾಗಾಗಿ ಮುಂದಿನ ಸಲ ಬೆಳಕು ಕಂಡರೆ ಬರೀ ಫಾರ್ವರ್ಡ್ ಮಾಡಬೇಡಿ. ಸಮಯ, ಎಲ್ಲಿಂದ ಎಲ್ಲಿಗೆ ಹೋಯ್ತು, ಎಷ್ಟು ಹೊತ್ತು ಕಾಣಿಸ್ತು, ಬರೆದಿಡಿ. ವಿಡಿಯೊದಲ್ಲಿ ಒಂದು ಕಟ್ಟಡವೂ ಇರಲಿ, ದಿಕ್ಕು ಲೆಕ್ಕ ಹಾಕೋಕೆ ಅನುಕೂಲ. ಏನಾದ್ರೂ ಬಿದ್ದಿದ್ರೆ ಮುಟ್ಟಬೇಡಿ, ವಿಷಕಾರಿ ಇಂಧನ ಉಳಿದಿರಬಹುದು. ಪೊಲೀಸರಿಗೆ ತಿಳಿಸಿ.

ನೀವು ಅವತ್ತು ನೋಡಿದ್ರಾ? ಎಲ್ಲಿಂದ, ಎಷ್ಟು ಗಂಟೆಗೆ? ಬರೆದು ತಿಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ.