ಒಂದೇ ಫೋಟೋ, ಎರಡು ಬಣ್ಣ

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಮಿರಮಿರ ಮಿಂಚಿದ ಫೋಟೋ ಕಂಪ್ಯೂಟರಿನಲ್ಲಿ ಯಾಕೆ ಸಪ್ಪೆ ಅಂತ ನೀವೂ ಕೇಳಿರ್ತೀರಿ. ಫೈಲಿನೊಳಗೆ ಇರೋದು ಅಂಕಿಗಳು ಮಾತ್ರ. ಅವನ್ನು ಬೆಳಕಾಗಿಸುವ ಲೆಕ್ಕಕ್ಕೆ 'ಗಾಮಾ' ಅಂತಾರೆ.

ಹಿಂದೆ ಮ್ಯಾಕ್‌ನ ಗಾಮಾ 1.8, ಪಿಸಿಯದ್ದು ಸುಮಾರು 2.2. ಮ್ಯಾಕ್‌ನಲ್ಲಿ ಹದವಾಗಿ ಕಂಡದ್ದು ಪಿಸಿಯಲ್ಲಿ ಕಪ್ಪಗೆ! ಈ ಗೊಂದಲ ಬಿಡಿಸಲು 1996ರಲ್ಲಿ ಎಚ್‌ಪಿ, ಮೈಕ್ರೋಸಾಫ್ಟ್ ಸೇರಿ 'ಎಸ್‌ಆರ್‌ಜಿಬಿ' ಎಂಬ ಸಾಮಾನ್ಯ ಅಳತೆಯನ್ನು ಮುಂದಿಟ್ಟವು. ಆಗಿನ ಸಿಆರ್‌ಟಿ ಮಾನಿಟರುಗಳ ಗುಣಕ್ಕೆ ಹೊಂದಿಸಿದ್ದ ಅದು 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾಯ್ತು. ಆಪಲ್ 2.2ಕ್ಕೆ ಬಂದದ್ದು 2009ರಲ್ಲಿ, ಸ್ನೋ ಲೆಪರ್ಡ್ ಜೊತೆ.

ಸಿಆರ್‌ಟಿಗಳು ಗುಜರಿ ಸೇರಿದವು, ಅಳತೆ ಉಳೀತು. ಆದರೂ ಒಂದೊಂದು ಪರದೆಯ ಹೊಳಪು, ವಯಸ್ಸು ಒಂದೊಂದು ಥರ. ಅದಕ್ಕೇ, ದೂರದೇಶದಲ್ಲಿ ಕೂತ ನಾನು ಅಮ್ಮನ ಹೊಸ ಸೀರೆಯ ಬಣ್ಣ ತಿಳೀಬೇಕಾದ್ರೆ ಫೋನ್ ಮಾಡಿ ಕೇಳ್ತೀನಿ.