ಕಿಟಕಿ ಕಟ್ಟೆಯ ಮೇಲೆ ಕಲಿತ ಪಿಯಾನೋ

ಹಾಡಿದವರ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ಪಕ್ಕದಲ್ಲಿ ಕೂತು ನುಡಿಸಿದವರ ಹೆಸರು ಯಾರಿಗೂ ನೆನಪಿರೋದಿಲ್ಲ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಪಿಯಾನೋ, ಆರ್ಗನ್ ನುಡಿಸಿದವರ ಕತೆಯನ್ನು ನಾವು ಇಲ್ಲಿ ಹೇಳಹೊರಟಿದ್ದೇವೆ. ವಿದ್ಯೆ ಯಾರ ಸೊತ್ತು ಎಂಬ ನಮ್ಮ ಹಳೇ ಪ್ರಶ್ನೆ ಆ ಕತೆಯೊಳಗೂ ಇದೆ.

1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೊನೊ ನದಿಯ ಬಳಿ ಗುಲಾಮರು ದಂಗೆ ಎದ್ದರು. ಡೋಲು ಬಾರಿಸುತ್ತಾ, ದಾರಿಯಲ್ಲಿ ಸಿಕ್ಕವರನ್ನು ಕೂಡಿಸಿಕೊಳ್ಳುತ್ತಾ ನಡೆದರು. ದಂಗೆಯನ್ನು ರಕ್ತದಲ್ಲಿ ಮುಳುಗಿಸಿದ ಯಜಮಾನರು 1740ರಲ್ಲಿ ಕಾನೂನು ತಂದರು. ಗುಲಾಮರು ಡೋಲು, ಕಹಳೆ ಇಟ್ಟುಕೊಳ್ಳಕೂಡದು. ಅವರಿಗೆ ಬರೆಯಲು ಕಲಿಸಿದವನಿಗೆ ದಂಡ. ವಾದ್ಯವನ್ನೂ ಕಿತ್ತುಕೊಂಡರು, ಅಕ್ಷರವನ್ನೂ ಕಿತ್ತುಕೊಂಡರು. ಉಳಿದದ್ದು ಗಂಟಲು, ಅಂಗೈ, ಪಾದ. ಒಬ್ಬ ದೇವರ ಹಾಡನ್ನು ಸಾಲು ಸಾಲಾಗಿ ಹೇಳಿಕೊಡೋದು, ಉಳಿದವರು ಎಳೆದು ಹಾಡೋದು. ಚಪ್ಪಾಳೆಯೇ ತಾಳ, ನೆಲಕ್ಕೆ ಬಡಿದ ಹೆಜ್ಜೆಯೇ ಡೋಲು.

1865ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಕೊನೆಯಾಯಿತು. ಆಮೇಲೆ ಈ ಜನರ ಚರ್ಚುಗಳಿಗೂ ನಿಧಾನವಾಗಿ ಪಿಯಾನೋ ಬಂತು. ಜನ ವಾದ್ಯಕ್ಕೆ ಬಗ್ಗಲಿಲ್ಲ, ವಾದ್ಯವನ್ನೇ ತಮ್ಮ ಕಡೆಗೆ ಬಗ್ಗಿಸಿದರು. ಎಡಗೈ ಪಾದದ ಕೆಲಸ ಮಾಡಿತು, ಬಲಗೈ ಗಂಟಲಿನ ಕೆಲಸ ಮಾಡಿತು.

ಆ ಕೆಲಸ ಎಂಥದ್ದು? ಹಿಂದಿನ ಬೆಂಚಿನ ಅಜ್ಜಿ ತನಗೆ ಒಗ್ಗಿದ ಶ್ರುತಿಯಲ್ಲಿ ಹಾಡು ಎತ್ತಿಬಿಡ್ತಾಳೆ. ನುಡಿಸುವವನು ಅದನ್ನು ಕಿವಿಯಿಂದಲೇ ಹಿಡಿಯಬೇಕು. ಯಾವ ಮನೆಯಿಂದ ಶುರುವಾದರೂ ಬೆರಳು ಓಡಬೇಕು. ಸಾಲು ಮುಗಿದು ಅವಳು ಉಸಿರು ತಗೊಳ್ಳುವ ತೆರಪಿನಲ್ಲಿ ಉತ್ತರ ಕೊಡಬೇಕು. ಅವಳು ಹಾಡುವಾಗ ಕೈ ಬಿಗಿಹಿಡಿಯಬೇಕು. ಬೋಧಕನ ಮಾತು ಬಿಸಿಯೇರಿ ರಾಗಕ್ಕೆ ತಿರುಗಿದರೆ ಜೊತೆಗೇ ಏರಬೇಕು, ಇಳಿದರೆ ಇಳಿಯಬೇಕು. ಇದನ್ನು 'ಕಿವಿಪಾಠ' ಅಂತ ಮೂಗು ಮುರಿದವರುಂಟು. ವರ್ಷಗಟ್ಟಲೆ ಭಾನುವಾರಗಳ ದುಡಿಮೆ ಅವರ ಕಣ್ಣಿಗೆ ಬೀಳಲಿಲ್ಲ.

ಟೆಕ್ಸಾಸಿನ ಕುರುಡಿ ಅರಿಜೋನಾ ಡ್ರೇನ್ಸ್ ಶಾಲೆಯಲ್ಲಿ ಕ್ರಮವಾಗಿ ಪಿಯಾನೋ ಕಲಿತವಳು. ಆದರೂ ಹೆಂಡದಂಗಡಿಯ ಕುಣಿತದ ಲಯವನ್ನು ಪ್ರಾರ್ಥನೆಗೆ ತಂದಳು. 1926ರಲ್ಲಿ ಷಿಕಾಗೋದಲ್ಲಿ ಅವಳ ಹಾಡುಗಳು ರೆಕಾರ್ಡ್ ಆದವು. ಜಾರ್ಜಿಯಾದ ಬೋಧಕನ ಮಗ ಥಾಮಸ್ ಡಾರ್ಸಿ ಬ್ಲೂಸ್ ಗಾಯಕಿ ಮಾ ರೇನಿಗೆ ಪಿಯಾನೋ ನುಡಿಸುತ್ತಿದ್ದವನು. ಅವನು ಅದೇ ಬೆರಳುಗಳನ್ನು ಚರ್ಚಿಗೆ ತಂದಾಗ ಎದುರು ನಿಂತವರು ಯಾರು? ಕಪ್ಪು ಜನರಲ್ಲೇ ಸ್ವಲ್ಪ ಓದಿ ಮೇಲೇರಿದವರು. ಯುರೋಪಿನ ಹಾಡೇ ಮರ್ಯಾದೆ, ನಮ್ಮ ಹಾಡು ಸೈತಾನನದು ಅಂದರು. ಎಷ್ಟೋ ಚರ್ಚುಗಳು ಅವನನ್ನು ಹೊರಹಾಕಿದವು. 1932ರಲ್ಲಿ ಷಿಕಾಗೋದ ಪಿಲ್ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚ್ ಅವನಿಗೆ ಜಾಗ ಕೊಟ್ಟಿತು. ಅದೇ ವರ್ಷ ಹೆಂಡತಿಯೂ ಹಸುಗೂಸೂ ತೀರಿಕೊಂಡರು. ಆ ಸಂಕಟದಿಂದ ಹುಟ್ಟಿದ ಅವನ ಹಾಡು ಮುಂದೆ ಲೋಕವೆಲ್ಲ ಹಬ್ಬಿತು.

1935ರಲ್ಲಿ ಹ್ಯಾಮಂಡ್ ಕಂಪನಿಯ ವಿದ್ಯುತ್ ಆರ್ಗನ್ ಮಾರುಕಟ್ಟೆಗೆ ಬಂತು. ದೊಡ್ಡ ಕೊಳವೆಗಳ ಆರ್ಗನ್ ಕೊಳ್ಳಲಾಗದ ಬಡ ಚರ್ಚುಗಳು ಬರಬರುತ್ತಾ ಇದನ್ನು ತಂದವು. ಅಳುವ, ಕೂಗುವ, ಪಿಸುಗುಟ್ಟುವ ದನಿಯನ್ನು ಅದರಿಂದ ತೆಗೆದವರು ಈ ಜನರೇ.

1931ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಜೇಮ್ಸ್ ಕ್ಲೀವ್ಲೆಂಡನ ಮನೆಯಲ್ಲಿ ಪಿಯಾನೋಗೆ ದುಡ್ಡಿರಲಿಲ್ಲ. ಹುಡುಗ ಡಾರ್ಸಿಯ ಚರ್ಚಿಗೆ ಹೋಗೋನು, ಕೇಳೋನು, ರಾತ್ರಿ ಮನೆಯ ಕಿಟಕಿ ಕಟ್ಟೆಯನ್ನೇ ಕಪ್ಪು ಬಿಳಿ ಮನೆಗಳೆಂದು ಬಗೆದು ಬೆರಳಾಡಿಸೋನು. ನಮಗೆ ಏಕಲವ್ಯ ನೆನಪಾಗದೆ ಇರೋದಿಲ್ಲ. ಇಲ್ಲಿ ಹೆಬ್ಬೆರಳು ಕೇಳುವ ಗುರು ಇರಲಿಲ್ಲ ಅಷ್ಟೇ. 1972ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಚರ್ಚೊಂದರಲ್ಲಿ ಅರೀಥಾ ಫ್ರಾಂಕ್ಲಿನ್ ಹಾಡಿದಾಗ ಪಿಯಾನೋ ಮುಂದೆ ಕೂತಿದ್ದವನು ಇದೇ ಕ್ಲೀವ್ಲೆಂಡ್. ಅದೇ ವರ್ಷ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್, ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಹೆಸರು ಪಡೆದುಕೊಂಡಿತು.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನ ಲಕ್ಷಾಂತರ ಜನರ ಮುಂದೆ ಮಹಾಲಿಯಾ ಜಾಕ್ಸನ್ ಹಾಡಿದಳು. ಅವಳ ಜೊತೆ ನುಡಿಸಿದವಳು ಮಿಲ್ಡ್ರೆಡ್ ಫಾಲ್ಸ್. ವರ್ಷಗಟ್ಟಲೆ ಮಹಾಲಿಯಾಳ ಉಸಿರಿನ ಏರಿಳಿತ ಬಲ್ಲ ಕೈಗಳು ಅವು. ಅವಳಿಗೆ ಸಿಕ್ಕ ಕೂಲಿ ಬಹಳ ಕಡಿಮೆ, ಹೆಸರು ಇನ್ನೂ ಕಡಿಮೆ. ತುಳಿತಕ್ಕೊಳಗಾದವರ ನಡುವೆಯೂ ಪಕ್ಕದ ಕೈಗೆ ಸಲ್ಲಬೇಕಾದ್ದು ಸಲ್ಲಲಿಲ್ಲ.

ನಮ್ಮ ತಮಟೆಯವರನ್ನು ನೆನೆಯೋಣ. ದೇವರ ಮೆರವಣಿಗೆ ಎಲ್ಲಿ ನಿಂತಿತು, ಕುಣಿಯುವವನ ಕಾಲು ಎಲ್ಲಿ ಸೋತಿತು ಅಂತ ಕಣ್ಣಲ್ಲೇ ಅಳೆದು ಪೆಟ್ಟು ಬದಲಿಸುವ ಆ ಕೈಗಳನ್ನು ಯಾರು ವಿದ್ವಾಂಸರೆಂದು ಕರೆದರು? ಬಿಟ್ಟಿ ಚಾಕರಿಯ ತಮಟೆ ಬೇಡ ಎಂದು ನಮ್ಮವರು ಅದನ್ನು ಕೆಳಗಿಟ್ಟದ್ದು ನ್ಯಾಯ. ಬಿಟ್ಟಿಯನ್ನು ಬಿಡೋಣ, ವಿದ್ಯೆಯನ್ನು ಬಿಡುವುದು ಬೇಡ. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಶಾಲೆಯ ಬೀರುವಿನಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಇದ್ದರೆ ಬೀಗ ತೆಗೆಯಿರಿ. ಕೇರಿಯ ಮಗುವಿನ ಬೆರಳು ಅದರ ಮೇಲೆ ಓಡಲಿ. ಆ ಮಗು ನುಡಿಸಿದ ದಿನ ಹಾಡಿದವರ ಹೆಸರಿನ ಜೊತೆ ಅದರ ಹೆಸರನ್ನೂ ಕೂಗಿ ಹೇಳಿ.